ಗೋಡೆ ತುಂಬಾ ಕಲೆ!

‘ಏನ್ಸಾ ಇದು, ಬರೀ ಬಿಳಿ ಕ್ಯಾನ್ವಾಸು?’ ಗ್ಯಾಲರಿಯೊಳಗೆ ಕಾಲಿಡುತ್ತಲೇ ಸೀನ ಕೇಳಿದ.

‘“ಶೂನ್ಯ” ಅಂತ ಹೆಸರು ಕಣೋ. ಬೆಲೆ 4,00,000’ ಎಂದರು ಮೇಷ್ಟ್ರು.

‘ಹೆಸರಿಗೆ ಒಂದೇ ಸೊನ್ನೆ, ಬೆಲೆಗೆ ಐದಾ!’

‘ಮೂಲೇಲಿ ಕೆಂಪು ಚುಕ್ಕಿ ಚೆನ್ನಾಗಿ ಬರ್ದಿದಾರೆ’ ಎಂದರು ಪದ್ದಕ್ಕ.

‘ಅದು ಚಿತ್ರ ಅಲ್ಲ ಪದ್ದಕ್ಕ, ಮಾರಾಟ ಆಗಿದೆ ಅನ್ನೋ ಗುರುತು.’

‘ಅಯ್ಯೋ, ಇದ್ದಿದ್ದೂ ಅದೊಂದೇ!’

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು: ‘ಇಟಲಿಯ ಮೌರಿಜಿಯೊ ಕ್ಯಾಟಲಾನ್ 2019ರಲ್ಲಿ ಗೋಡೆಗೆ ಬಾಳೆಹಣ್ಣು ಇಟ್ಟು ಟೇಪ್ ಅಂಟಿಸಿದ. 2024ರ ನ್ಯೂಯಾರ್ಕ್ ಹರಾಜಲ್ಲಿ 62 ಲಕ್ಷ ಡಾಲರ್! ಕೊಂಡವರು ತಿಂದೇಬಿಟ್ರು.’

‘ಸುಲಿದಿದ್ದು ಹಣ್ಣನ್ನೋ, ಕೊಂಡವರನ್ನೋ ಸಾ?’

‘ಸುಮ್ನಿರೋ. ಆ ಮೂಲೇಲಿರೋದು ನೋಡು, ಎಂಥಾ ಆಳ, ಎಂಥಾ ನೋವು!’ ಮೇಷ್ಟ್ರು ತಲೆದೂಗಿದರು. ಪಕ್ಕದಲ್ಲಿದ್ದ ನಾಲ್ವರೂ ತಲೆದೂಗಿ ಸೆಲ್ಫಿ ತೆಗೆದುಕೊಂಡರು.

‘ಅದು ಮಳೆಗೆ ಗೋಡೆ ಸೋರಿದ ಕಲೆ ಸಾರ್’ ಎಂದ ವಾಚ್‌ಮನ್. ‘ನಾಳೆ ಸುಣ್ಣ ಹೊಡೆಸ್ತೀವಿ.’

‘ಕಲೆ ಅಂತ ಒಪ್ಕೊಂಡ್ಯಲ್ಲಪ್ಪ, ರೇಟ್ ಹೇಳು!’ ಸೀನ ಪರ್ಸ್ ತೆಗೆದ.

‘ನಡೀರಿ ಸಾಕು’ ಪದ್ದಕ್ಕ ಸೆರಗು ಸರಿಮಾಡಿಕೊಂಡರು. ‘ಜನವರಿಗೆ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗೋಣ. ಬರ್ದೋರೇ ಪಕ್ಕದಲ್ಲಿ ನಿಂತಿರ್ತಾರೆ. ಅರ್ಥ ಆಗ್ದಿದ್ರೆ ಕೇಳ್ಬೋದು, ಅರ್ಥ ಆದ್ರೆ ಕೊಳ್ಬೋದು!’