ಸಂಬಳದ ಸಂಶಯ

ನಮ್ಮ ಮನೆತನದಲ್ಲಿ ಓದಿಗೂ ಓದಿಗೂ ನಡುವೆ ಒಂದು ವರ್ಷ ಖಾಲಿ ಬಿದ್ದರೆ ಅದಕ್ಕೆ ಮೂರೇ ಕಾರಣ: ಫೇಲು, ಕಾಮಾಲೆ, ಇಲ್ಲವೇ ಪ್ರೇಮ. ಬಿಇ ಮುಗಿಸಿದ ನಾನು, ಎಂಎಸ್‌ಗೆ ಹೋಗುವ ಮುಂಚೆ ಒಂದು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಟರ್ನ್ ಆಗಿರುತ್ತೇನೆ ಎಂದಾಗ ಚಿಕ್ಕಪ್ಪ ಮೊದಲು ನನ್ನ ಕಣ್ಣಿನ ಬಣ್ಣ ನೋಡಿದರು, ಆಮೇಲೆ ಅಂಕಪಟ್ಟಿ ಕೇಳಿದರು. ಎರಡೂ ಸರಿಯಾಗಿದ್ದವು. ಹಾಗಾಗಿ ಮೂರನೆಯದೇ ಇರಬೇಕೆಂದು ತೀರ್ಮಾನವಾಯಿತು. "ಹುಡುಗಿ ಯಾವ ಕಡೆಯೋಳಂತೆ?" ಎಂದು ಅತ್ತೆ ಅಡುಗೆಮನೆಯಲ್ಲಿ ಅಮ್ಮನನ್ನು ಗುಟ್ಟಾಗಿ ಕೇಳಿದರಂತೆ.

ಹುಡುಗಿ ಇರಲಿಲ್ಲ. ಇದ್ದದ್ದು ಔಟರ್ ರಿಂಗ್ ರೋಡಿನ ಒಂದು ಗಾಜಿನ ಕಟ್ಟಡ, ಅದರ ಮೇಲ್ಮಹಡಿಯ ಸೈಬರ್ ಸೆಕ್ಯುರಿಟಿ ವಿಭಾಗ. ಸಿನಿಮಾ ನೋಡಿ ಬೆಳೆದ ನಾನು ಕತ್ತಲ ಕೋಣೆ, ಪರದೆಯ ಮೇಲೆ ಸುರಿಯುವ ಹಸಿರು ಅಕ್ಷರ, ಕೊನೆಯ ಸೆಕೆಂಡಿನಲ್ಲಿ ಕಳ್ಳನನ್ನು ಹಿಡಿಯುವ ನಾಯಕ ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಅಲ್ಲಿ ಗೋಡೆಯಗಲದ ಪರದೆ ಇತ್ತು, ಅದರಲ್ಲಿ ಪ್ರಪಂಚದ ಭೂಪಟವೂ ಇತ್ತು, ದೇಶದಿಂದ ದೇಶಕ್ಕೆ ಕೆಂಪು ಗೆರೆಗಳೂ ಹಾರಾಡುತ್ತಿದ್ದವು. ಆದರೆ ಅದು ಕ್ಲೈಂಟುಗಳು ಬಂದಾಗ ತೋರಿಸುವುದಕ್ಕೆ. ನಮ್ಮ ಪಾಲಿಗೆ ಬರುತ್ತಿದ್ದದ್ದು ಅಲರ್ಟುಗಳ ಉದ್ದನೆಯ ಪಟ್ಟಿ. ಒಂದೊಂದನ್ನೇ ತೆರೆದು, ನೋಡಿ, ಬಹುಪಾಲು ಸುಳ್ಳೆಂದು ಬರೆದು ಟಿಕೆಟ್ ಮುಚ್ಚಬೇಕು. ಮುಚ್ಚಿದಷ್ಟೂ ಬರುತ್ತವೆ.

ಅವುಗಳಲ್ಲಿ ನನಗೆ ಪ್ರಿಯವಾದದ್ದು 'ಅಸಾಧ್ಯ ಪ್ರಯಾಣ' ಎಂಬ ಅಲರ್ಟು. ಒಬ್ಬ ನೌಕರ ಹುಬ್ಬಳ್ಳಿಯಿಂದ ಲಾಗಿನ್ ಆಗಿ, ಹತ್ತೇ ನಿಮಿಷಕ್ಕೆ ಸಿಂಗಪುರದಿಂದಲೂ ಲಾಗಿನ್ ಆದರೆ ಯಂತ್ರ ಬಾಯಿ ಬಡಿದುಕೊಳ್ಳುತ್ತದೆ. ಆಗ ಇಂಟರ್ನ್ ಆದವನು ಅಪರಾತ್ರಿಯಾದರೂ ಫೋನ್ ಮಾಡಿ ವಿಚಾರಿಸಬೇಕು.

"ಸಾರ್, ಸೆಕ್ಯುರಿಟಿ ಟೀಮಿಂದ ಮಾತಾಡ್ತಿದೀನಿ. ಈಗ ಸಿಂಗಪುರದಲ್ಲಿದೀರಾ?"

"ಇಲ್ರೀ, ಹಾಸಿಗ್ಯಾಗ ಅದೀನಿ."

"ಹತ್ತು ನಿಮಿಷದ ಹಿಂದೆ?"

"ಆವಾಗೂ ಹಾಸಿಗ್ಯಾಗ ಇದ್ದೆ."

"ಮಾತಾಡ್ತಿರೋದು ನೀವೇ ಅಂತ ಖಾತ್ರಿ ಆಗ್ಬೇಕಿತ್ತಲ್ಲ ಸಾರ್..."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೆಂಗಸಿನ ದನಿ ಬಂತು: "ಅವರೇ ಅದಾರ ತಮ್ಮಾ. ಗೊರಕಿ ಕೇಳಿ ಕೇಳಿ ನನಗ ನಿದ್ದಿ ಇಲ್ಲ."

ಮುಚ್ಚದೆ ಬಿಟ್ಟಿದ್ದ ಲ್ಯಾಪ್‌ಟಾಪು ತನ್ನಷ್ಟಕ್ಕೆ ಸಿಂಗಪುರದ ವಿಪಿಎನ್ ಸರ್ವರನ್ನು ಹಿಡಿದುಕೊಂಡಿತ್ತು. ಟಿಕೆಟ್ ಮುಚ್ಚುವಾಗ ಷರಾ ಬರೆದೆ: 'ಎರಡನೇ ಹಂತದ ದೃಢೀಕರಣ: ಪತ್ನಿ.'

ಇಂಥ ರಾತ್ರಿಗಳಲ್ಲಿ ನಮ್ಮ ಟೀಮ್ ಲೀಡು ಹೇಳುತ್ತಿದ್ದದ್ದು ಕ್ಲಿಫರ್ಡ್ ಸ್ಟಾಲ್ ಕಥೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟು ತಾಳೆಯಾಗಲಿಲ್ಲ. ಖಗೋಳ ವಿಜ್ಞಾನಿಯಾಗಿದ್ದ ಸ್ಟಾಲ್ ಆ ಚಿಲ್ಲರೆಯ ಬೆನ್ನು ಹತ್ತಿ ಹೊರಟು, ಕೊನೆಗೆ ತಲುಪಿದ್ದು ಪಶ್ಚಿಮ ಜರ್ಮನಿಯಲ್ಲಿ ಕೂತು ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಗೆ ಮಾಹಿತಿ ಮಾರುತ್ತಿದ್ದವನ ಬಳಿಗೆ. ನಮಗೂ ಒಂದು ದಿನ 75 ಸೆಂಟು ಸಿಕ್ಕೀತೆಂಬ ಆಸೆಯಲ್ಲಿ ಬೆಳಗಿನ ತನಕ ಕೂರುತ್ತಿದ್ದೆವು. ಸಿಕ್ಕಿದ್ದು ಮೆಷಿನ್ ಕಾಫಿ ಮಾತ್ರ.

ಪಾಸ್‌ವರ್ಡುಗಳ ತಪಾಸಣೆ ಮಾತ್ರ ಪುಣ್ಯದ ಕೆಲಸ. ಸುಲಭವಾಗಿ ಮುರಿದುಬಿದ್ದ ಪಾಸ್‌ವರ್ಡುಗಳ ಪಟ್ಟಿಯನ್ನು, ನೌಕರರ ಹೆಸರು ಅಳಿಸಿ, ವಿಂಗಡಿಸಲು ನನಗೆ ಕೊಟ್ಟಿದ್ದರು. ಓದುತ್ತಾ ಹೋದರೆ ತೀರ್ಥಯಾತ್ರೆಯೇ ಆಯಿತು: ಮಂಜುನಾಥ, ರಾಘವೇಂದ್ರ, ಚಾಮುಂಡಿ, ವೆಂಕಟೇಶ. ಒಬ್ಬೊಬ್ಬರ ಬೆನ್ನಿಗೂ ಒಂದು ಆ್ಯಟ್ ಚಿಹ್ನೆ, ಅದರ ಬೆನ್ನಿಗೆ 123. ಮನೆ ಕಾಯುವ ದೇವರು ಮೇಲ್ ಕಾಯುವುದಿಲ್ಲವೇ ಎಂಬುದು ಭಕ್ತರ ಲೆಕ್ಕ. ಪಾಸ್‌ವರ್ಡ್ ಮುರಿಯುವ ಸಾಫ್ಟ್‌ವೇರಿಗೆ ದೇವರ ಭಯವಿಲ್ಲ ಎಂಬುದೊಂದೇ ತೊಡಕು. ತೊಂಬತ್ತು ದಿನಕ್ಕೊಮ್ಮೆ ಬದಲಾಯಿಸಲೇಬೇಕೆಂಬ ನಿಯಮ ಬೇರೆ. ಅದನ್ನೂ ಎಲ್ಲರೂ ಶ್ರದ್ಧೆಯಿಂದ ಪಾಲಿಸುತ್ತಿದ್ದರು: 123 ಹೋಗಿ 124 ಬರುತ್ತಿತ್ತು.

ಈ ತಲೆನೋವಿನ ಹಿಂದೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ ಬಿಲ್ ಬರ್ ಎಂಬವರಿದ್ದಾರೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ, ಆಗಾಗ ಬದಲಾಯಿಸಿ ಎಂದು ಅವರು 2003ರಲ್ಲಿ ಬರೆದದ್ದನ್ನು ಜಗತ್ತಿನ ಆಫೀಸುಗಳೆಲ್ಲ ವೇದವಾಕ್ಯವಾಗಿ ತೆಗೆದುಕೊಂಡವು. 2017ರಲ್ಲಿ ಅವರೇ ಪತ್ರಿಕೆಯೊಂದರ ಮುಂದೆ ಪಶ್ಚಾತ್ತಾಪ ತೋಡಿಕೊಂಡರು. ಅದೇ ವರ್ಷ ನಿಸ್ಟ್ ಕೂಡ ಸುಮ್ಮಸುಮ್ಮನೆ ಬದಲಾಯಿಸಲು ಪೀಡಿಸಬೇಡಿ ಎಂದಿತು. ಈ ಸುದ್ದಿಯನ್ನು ಉತ್ಸಾಹದಿಂದ ಮ್ಯಾನೇಜರಿಗೆ ಹೇಳಿದೆ. "ಗೊತ್ತಪ್ಪಾ. ಆಡಿಟರ್‌ಗೆ ಗೊತ್ತಾಗಬೇಕಲ್ಲ" ಎಂದರು.

ನನ್ನ ಸಾಹಿತ್ಯಕೃಷಿಗೆ ಹೊಲ ಸಿಕ್ಕಿದ್ದು ನಕಲಿ ಮೇಲ್ ಬರೆಯುವ ಕೆಲಸದಲ್ಲಿ. ಕಳ್ಳರು ಮೋಸ ಮಾಡುವ ಮುಂಚೆ ಕಂಪನಿಯೇ ತನ್ನವರಿಗೆ ಮೋಸ ಮಾಡಿ ಪರೀಕ್ಷಿಸುವ ಪದ್ಧತಿ ಇದು. ಲಿಂಕ್ ಒತ್ತಿದವರಿಗೆ ಶಿಕ್ಷೆಯಾಗಿ ತರಬೇತಿ ವಿಡಿಯೊ. ಕೋಟಿ ರೂಪಾಯಿಯ ಲಾಟರಿ ಬಂದಿದೆ ಎಂದು ಬರೆದೆ, ಒಬ್ಬರೂ ಬೀಳಲಿಲ್ಲ. 'ನಿಮ್ಮ ಪಾರ್ಕಿಂಗ್ ಸ್ಟಿಕರ್ ಇಂದು ಸಂಜೆಗೆ ರದ್ದಾಗಲಿದೆ' ಎಂದು ಬರೆದೆ. ನಿರ್ದೇಶಕರ ಮಟ್ಟದವರೂ ಓಡೋಡಿ ಬಂದು ಒತ್ತಿದರು. ಔಟರ್ ರಿಂಗ್ ರೋಡಿನಲ್ಲಿ ಕೋಟಿಗಿಂತ ಕಾರು ನಿಲ್ಲಿಸುವ ಜಾಗ ದೊಡ್ಡದು. ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಮಾತ್ರ ಲಿಂಕ್ ಮುಟ್ಟದೆ ಉತ್ತರ ಬರೆದಿದ್ದರು: 'ಈ ಮೇಲ್ ನಕಲಿಯಂತೆ ತೋರುತ್ತದೆ. ಅಸಲಿಯಾಗಿದ್ದಲ್ಲಿ ತಿಳಿಸಿ, ಪಾಸ್‌ವರ್ಡ್ ಕಳುಹಿಸಿಕೊಡುತ್ತೇನೆ.'

ಅವರ ಉತ್ತರ ಓದಿದ ಮೇಲೆ ನನಗೆ ನಮ್ಮ ಇಲಾಖೆಯ ಮರ್ಮ ಹೊಳೆಯಿತು. ಕಳ್ಳ ಒಳಗೆ ಬರುವುದು ನಮ್ಮ ದುರಾಸೆಯ ದಾರಿಯಲ್ಲಲ್ಲ, ಸೌಜನ್ಯದ ದಾರಿಯಲ್ಲಿ. ಕೇಳಿದವರಿಗೆ ಇಲ್ಲ ಎನ್ನಬಾರದು, ಹಿಂದೆ ಬರುವವರ ಮುಖಕ್ಕೆ ಬಾಗಿಲು ಹಾಕಬಾರದು, ದೊಡ್ಡವರು ಫೋನ್ ಮಾಡಿದರೆ ಯಾಕೆ ಎನ್ನಬಾರದು ಎಂದು ಮನೆಯಲ್ಲಿ ಕಲಿಸಿದ್ದನ್ನೆಲ್ಲ ಕಳ್ಳನೂ ಕಲಿತಿರುತ್ತಾನೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ವೈರಸ್ಸೊಂದು ಜಗತ್ತಿನ ಆಫೀಸುಗಳನ್ನೆಲ್ಲ ಮಲಗಿಸಿದ್ದು ಬೆದರಿಕೆ ಹಾಕಿ ಅಲ್ಲ, 'ಐ ಲವ್ ಯೂ' ಎಂದು ಹೇಳಿ.

ಬ್ಯಾಂಕುಗಳು ಕೇಳುವ ಗುಟ್ಟಿನ ಪ್ರಶ್ನೆಗಳನ್ನೇ ನೋಡಿ. ಹುಟ್ಟೂರು ಯಾವುದು, ಮೊದಲು ಓದಿದ ಶಾಲೆ ಯಾವುದು, ತಾಯಿಯ ತವರಿನವರು ಯಾರು? ಇಷ್ಟನ್ನೂ ಹಾಸನದ ಬಸ್ಸಿನಲ್ಲಿ ಪಕ್ಕ ಕೂತವರು ನೆಲಮಂಗಲ ದಾಟುವುದರೊಳಗೆ ಕೇಳಿ ಮುಗಿಸಿ, ಗೋತ್ರಕ್ಕೆ ಬಂದಿರುತ್ತಾರೆ. ನಿಜ ಹೇಳಬೇಡಿ ಎಂದು ನಮ್ಮ ಲೀಡು ಎಚ್ಚರಿಸಿದ್ದರಿಂದ, ಒಮ್ಮೆ ಹಾಗೆ ಕೇಳಿದ ಹಿರಿಯರಿಗೆ ನಾನು ಓದಿದ್ದು ಕುಣಿಗಲ್ಲಿನಲ್ಲಿ ಎಂದೆ. "ಹೌದಾ! ನಮ್ಮ ಷಡ್ಡಕರು ಅಲ್ಲೇ ಹೆಡ್‌ಮೇಷ್ಟ್ರಾಗಿದ್ರು" ಎಂದು ಅವರು ಖುಷಿಯಿಂದ ಹತ್ತಿರ ಸರಿದು ಕೂತರು. ಕುಣಿಗಲ್ ಬರುವವರೆಗೂ ನಾನು ನಿದ್ದೆಯ ನಟನೆ ಮಾಡಬೇಕಾಯಿತು.

ನಾವೆಲ್ಲ ಸ್ಲೈಡು ಹಾಕಿ ಕಲಿಸುತ್ತಿದ್ದದ್ದು ಹುಟ್ಟಿನಿಂದಲೇ ಬಂದಿದ್ದವರು ಕೆಳಗೆ ಗೇಟಿನಲ್ಲಿದ್ದ ಸಿಂಧನೂರು ಕಡೆಯ ಕಾವಲುಗಾರರು. ಒಮ್ಮೆ ಉಪಾಧ್ಯಕ್ಷರು ಕಾರ್ಡ್ ಮರೆತು ಬಂದು, "ನಾನು ಯಾರು ಗೊತ್ತಾ?" ಎಂದು ಕೇಳಿದರು. "ಗೊತ್ತೈತ್ರಿ ಸಾರ್. ಮಷಿನ್‌ಗೆ ಗೊತ್ತಿಲ್ಲ" ಎಂದು ರಿಜಿಸ್ಟರ್ ಮುಂದಿಟ್ಟರು. ಇದೇ ಮಾತನ್ನು ಕನ್ಸಲ್ಟೆಂಟುಗಳು ಡಾಲರ್ ತೆಗೆದುಕೊಂಡು ಹೇಳುತ್ತಾರೆ.

ಭದ್ರತೆಗೆ ಧಕ್ಕೆಯಾದರೆ ಆರು ಗಂಟೆಯೊಳಗೆ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರಲ್ಲಿ ಕೇಂದ್ರದ ನಿರ್ದೇಶನ ಬಂದಿದೆ. ಏನೂ ಆಗದಿದ್ದರೆ ಯಾರಿಗೂ ವರದಿ ಮಾಡಬೇಕಿಲ್ಲ. ಆದ್ದರಿಂದ ನಮ್ಮ ಸಾಧನೆ ಯಾರಿಗೂ ತಿಳಿಯುವುದಿಲ್ಲ. ಸರ್ವರ್ ಬಿದ್ದರೆ ನಮ್ಮನ್ನು ಬೈಯುತ್ತಾರೆ, ಬೀಳದಿದ್ದರೆ ಇವರಿಗೆ ಸಂಬಳ ಯಾಕೆ ಎನ್ನುತ್ತಾರೆ. ವರ್ಷವಿಡೀ ಏನು ಮಾಡಿದೆ ಎಂದು ಚಿಕ್ಕಪ್ಪ ಕೇಳಿದಾಗ "ಏನೂ ಆಗದ ಹಾಗೆ ನೋಡಿಕೊಂಡೆ" ಎಂದೆ. ಅವರಿಗೆ ಮತ್ತೆ ಹುಡುಗಿಯ ಮೇಲೆಯೇ ಅನುಮಾನ ಹೋಯಿತು.

ಕೊನೆಯ ದಿನ ಲ್ಯಾಪ್‌ಟಾಪು ಒಪ್ಪಿಸಿ, ಎಲ್ಲರ ಕೈಕುಲುಕಿ ಲಿಫ್ಟ್ ತನಕ ಹೋದವನಿಗೆ ಊಟದ ಡಬ್ಬಿ ಮೇಜಿನ ಮೇಲೇ ಉಳಿದದ್ದು ನೆನಪಾಯಿತು. ವಾಪಸ್ ಬಂದು ಕಾರ್ಡ್ ತೋರಿಸಿದರೆ ಕೆಂಪು ದೀಪ. ನನ್ನ ಪ್ರವೇಶ ಆಗಲೇ ರದ್ದಾಗಿತ್ತು. ಅಷ್ಟರಲ್ಲಿ ಅಕೌಂಟ್ಸಿನ ಆ ಹಿರಿಯರು ಬಂದು ಬಾಗಿಲು ತೆರೆದರು. ನಾನು ಹಿಂದೆಯೇ ನುಗ್ಗಲು ನೋಡಿದೆ. ಅವರು ಬಾಗಿಲಿಗೆ ಅಡ್ಡ ನಿಂತು, ಬಲು ಸೌಜನ್ಯದಿಂದ, ಗಾಜಿಗೆ ಅಂಟಿಸಿದ್ದ ಪೋಸ್ಟರ್ ತೋರಿಸಿದರು. 'ಪರಿಚಯದವರಿಗೂ ಬಾಗಿಲು ಹಿಡಿಯಬೇಡಿ.' ಅದನ್ನು ಬರೆದವನೂ ಅಂಟಿಸಿದವನೂ ನಾನೇ. ಮರುಮಾತಾಡದೆ ಕೆಳಗಿಳಿದೆ. ಕಾವಲಿನವರು ರಿಜಿಸ್ಟರ್ ಮುಂದಿಟ್ಟರು. ಭೇಟಿಯ ಉದ್ದೇಶದ ಕಾಲಮ್ಮಿನಲ್ಲಿ 'ಡಬ್ಬಿ' ಎಂದು ಬರೆದೆ. ಮೇಲಿನಿಂದ ಡಬ್ಬಿ ತರಿಸಿದರು. ಕೈಗೆ ಕೊಡುವ ಮುಂಚೆ, "ತಪ್ಪು ತಿಳೀಬ್ಯಾಡ್ರಿ" ಎಂದು ಮುಚ್ಚಳ ತೆಗೆಸಿ ಒಳಗೆ ನೋಡಿದರು.