ಬಣ್ಣಗುಂಡು ಮೀಮಾಂಸೆ

ಶಾಸ್ತ್ರಗ್ರಂಥಗಳಲ್ಲಿ ಫಲಶ್ರುತಿ ಕೊನೆಗೆ ಬರುವುದು ವಾಡಿಕೆ. ಪೇಂಟ್‌ಬಾಲ್ ಶಾಸ್ತ್ರದ ಅಭ್ಯಾಸಿಗಳಲ್ಲಿ ಹೆಚ್ಚಿನವರು ಕೊನೆಯವರೆಗೆ ಉಳಿಯುವುದಿಲ್ಲವಾದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇದನ್ನು ಶ್ರದ್ಧೆಯಿಂದ ಓದಿದವನು ಮೈದಾನದಲ್ಲಿ ಮೊದಲ ಎರಡು ನಿಮಿಷ ಜೀವಂತನಾಗಿರುತ್ತಾನೆ. ಅರ್ಥ ತಿಳಿದು ಓದಿದವನು ಐದು ನಿಮಿಷ. ಓದದೆಯೇ ಮಡಿಸಿ ಅಂಗಿಯೊಳಗೆ ಎದೆಗೆ ಕಟ್ಟಿಕೊಂಡವನಿಗೆ ಅಷ್ಟು ಜಾಗದಲ್ಲಿ ಬಾಸುಂಡೆ ಏಳುವುದಿಲ್ಲ.

ಇನ್ನು ಅನುಬಂಧ ಚತುಷ್ಟಯ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ‘ಟೀಮ್ ಔಟಿಂಗ್, ಎಲ್ಲರೂ ಕಡ್ಡಾಯವಾಗಿ ಬರತಕ್ಕದ್ದು’ ಎಂಬ ಎಚ್.ಆರ್. ಮೇಲ್ ತಲುಪಿದವನು, ಮತ್ತು ಆ ಶನಿವಾರ ಮನೆಯ ಕಡೆ ಮದುವೆ, ಮುಂಜಿ, ತಿಥಿ ಯಾವುದೂ ಒದಗಿಬರದವನು. ವಿಷಯ: ಬಣ್ಣ ತುಂಬಿದ ಗುಂಡಿನಿಂದ ಸಹೋದ್ಯೋಗಿಯನ್ನು ಹೊಡೆಯುವುದು. ಪ್ರಯೋಜನ: ಅದೇ. ಸಂಬಂಧ: ಸೋಮವಾರ ಬೆಳಿಗ್ಗೆ ಎಷ್ಟು ಉಳಿದಿರುತ್ತದೋ ಅಷ್ಟು.

ಶಾಸ್ತ್ರದ ಉತ್ಪತ್ತಿ ಹೀಗಿದೆ. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ವ್ಯವಹರಿಸುತ್ತಿದ್ದ ಹೇಯ್ಸ್ ನೋಯೆಲ್ ಎಂಬವರಿಗೂ ಚಾರ್ಲ್ಸ್ ಗೇನ್ಸ್ ಎಂಬ ಲೇಖಕರಿಗೂ ಒಂದು ವಾದ ಹತ್ತಿತು. ಕಾಡಿನಲ್ಲಿ ತಂದು ಬಿಟ್ಟರೆ ಬದುಕಿಕೊಳ್ಳುವವನು ಪೇಟೆಯ ಚುರುಕು ಬುದ್ಧಿಯವನೋ, ಕಾಡು ಬಲ್ಲ ಹಳ್ಳಿಯವನೋ? ನಮ್ಮ ಕಡೆಯಾಗಿದ್ದರೆ ಇಂಥ ವಾದ ಎರಡನೇ ಬೈಟೂ ಕಾಫಿಗೆ ರಾಜಕೀಯದ ಕಡೆ ಹೊರಳಿ ಮುಗಿಯುತ್ತಿತ್ತು. ಅವರು ಬಿಡಲಿಲ್ಲ. ಕಡಿಯುವ ಮರಕ್ಕೂ ಮಂದೆಯ ದನಕ್ಕೂ ದೂರದಿಂದಲೇ ಗುರುತು ಹಾಕಲೆಂದು ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು ಅವರ ಕಣ್ಣಿಗೆ ಬಿತ್ತು. ಬಾಬ್ ಗರ್ನ್ಸಿ ಎಂಬ ಮೂರನೆಯವರೂ ಸೇರಿ ನಿಯಮಗಳಾದವು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಬಳಿಯ ಕಾಡಿಗೆ ಹನ್ನೆರಡು ಮಂದಿ ಇಳಿದರು. ಕಾಡಿನ ನಾಲ್ಕು ಕಡೆ ಇಟ್ಟ ಬಾವುಟಗಳನ್ನು ಒಟ್ಟುಮಾಡಿಕೊಂಡು ಏಟು ತಿನ್ನದೆ ಹೊರಬರಬೇಕು, ಅಷ್ಟೆ.

ಗೆದ್ದವರು ರಿಚಿ ವೈಟ್, ಅರಣ್ಯದ ಕಸುಬಿನವರು. ಇಡೀ ಆಟದಲ್ಲಿ ಅವರು ಒಂದು ಗುಂಡನ್ನೂ ಹಾರಿಸಲಿಲ್ಲ. ಅವರನ್ನು ಯಾರೂ ಕಾಣಲೂ ಇಲ್ಲ.

ಇದನ್ನೇ ಈ ಶಾಸ್ತ್ರದ ಮಹಾವಾಕ್ಯವೆಂದು ತಿಳಿಯತಕ್ಕದ್ದು. ಆಮೇಲೆ ಬೆಳೆದ ಉದ್ಯಮವೆಲ್ಲ ಗುಂಡು ಮಾರುವುದರ ಮೇಲೆಯೇ ನಿಂತಿದೆಯಲ್ಲ ಎಂದು ಕೇಳಿದರೆ, ಮಹಾವಾಕ್ಯಗಳಿಗೆ ಎಲ್ಲ ಕಡೆಯೂ ಆಗುವ ಗತಿ ಅದೇ.

ಈಗ ದ್ರವ್ಯಪ್ರಕರಣ. ಗುಂಡಿನ ಅಡ್ಡಳತೆ 0.68 ಅಂಗುಲ, ಅಂದರೆ ಸುಮಾರು 17 ಮಿಲಿಮೀಟರ್. ತೂಕ ಸುಮಾರು 3 ಗ್ರಾಂ. ಹೊರಗಿನದು ವಿಟಮಿನ್ ಮಾತ್ರೆಗಿರುವಂಥ ಜೆಲಟಿನ್ ಕವಚ. ಒಳಗೆ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಬಣ್ಣ. ಆದಿಯುಗದಲ್ಲಿ ಒಳಗಿದ್ದದ್ದು ಎಣ್ಣೆ ಬಣ್ಣ. ಏಟು ತಿಂದವನು ಟರ್ಪೆಂಟೈನ್ ಹಚ್ಚಿ ಉಜ್ಜಿಕೊಳ್ಳಬೇಕಿತ್ತು. ಈಗಿನದು ನೀರಿಗೆ ಹೋಗುತ್ತದೆ. ಬಿಳಿ ಅಂಗಿಯಿಂದ ಪೂರ್ತಿ ಹೋಗುತ್ತದೆಯೇ ಎಂಬುದನ್ನು ಮನೆಯಲ್ಲಿ ಬಟ್ಟೆ ಒಗೆಯುವವರನ್ನು ಕೇಳಿ ತಿಳಿಯಬೇಕು.

ಇಲ್ಲಿ ಪೂರ್ವಪಕ್ಷ: ಜೆಲಟಿನ್ ಪ್ರಾಣಿಜನ್ಯವಷ್ಟೆ? ಹಾಗಾದರೆ ಈರುಳ್ಳಿಯನ್ನೂ ಮುಟ್ಟದ ನಮ್ಮ ಅಕೌಂಟ್ಸ್ ವಿಭಾಗದವರ ಗತಿಯೇನು? ಸಮಾಧಾನ: ಗುಂಡು ಹೊಡೆಯುವುದಕ್ಕೆ, ತಿನ್ನುವುದಕ್ಕಲ್ಲ. ಏಟು ತಿನ್ನುತ್ತಾರಲ್ಲ ಎಂದರೆ, ಅದು ಗೌಣಪ್ರಯೋಗ. ಮುಖವಾಡದ ಉಸಿರುಗಿಂಡಿಗೇ ಗುಂಡು ಬಡಿದು, ‘ಅಯ್ಯೋ’ ಎಂದು ತೆರೆದ ಬಾಯಿಗೆ ಒಳಗಿನ ಕಹಿ ಸಿಡಿದರೆ? ಅದಕ್ಕೆ ಆಪದ್ಧರ್ಮವೆಂದು ಹೆಸರು.

ಗುಂಡು ನಳಿಕೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ 280ರಿಂದ 300 ಅಡಿಯ ಒಳಗಿರಬೇಕೆಂಬುದು ಶಿಷ್ಟಾಚಾರ. ಅಳೆಯಲು ಕ್ರೋನೋಗ್ರಾಫ್ ಎಂಬ ಯಂತ್ರವಿದೆ. ಆದರೆ ಉರುಟಾದ ಹಗುರ ವಸ್ತುವಾದ್ದರಿಂದ ಗಾಳಿ ಅದನ್ನು ಬೇಗ ಸೋಲಿಸುತ್ತದೆ. ದೂರದವನಿಗೆ ಗುರಿಯಿಟ್ಟರೆ ಅವನ ಕಾಲ ಬಳಿಯ ಹುಲ್ಲಿಗೆ ಬಣ್ಣ ಬೀಳುತ್ತದೆ. ತುಸು ಮೇಲಕ್ಕೆ ಹಿಡಿಯಬೇಕು. ಎಷ್ಟು ಮೇಲಕ್ಕೆ ಎಂಬುದು ಬಾಡಿಗೆ ಬಂದೂಕಿನ ಪೂರ್ವಜನ್ಮವನ್ನು ಅವಲಂಬಿಸಿದೆ. ಮೊದಲ ನಾಲ್ಕಾರು ಗುಂಡನ್ನು ಮರಕ್ಕೆ ಹೊಡೆದು ಅದರ ಸ್ವಭಾವ ತಿಳಿದುಕೊಳ್ಳುವವನು ವಿವೇಕಿ.

ಮುಖವಾಡದ ವಿಷಯದಲ್ಲಿ ಮೀಮಾಂಸೆಗೆ ಎಡೆಯಿಲ್ಲ. ಮೈದಾನದೊಳಗೆ ಅದನ್ನು ತೆಗೆಯಕೂಡದು, ಕಣ್ಣಿನ ವಿಷಯ. ಹಿಂದಿನ ಬ್ಯಾಚಿನವನ ಬೆವರು, ಅದರ ಮೇಲೆ ಸಿಂಪಡಿಸಿದ ಡೆಟಾಲ್, ಎರಡೂ ಸೇರಿದ ವಾಸನೆ ಮೂಗಿಗೆ ಅಡರುತ್ತದೆ. ಗಾಜು ಮಂಜುಗಟ್ಟಿ ಎದುರಿನವನು ಶತ್ರುವೋ ಸಿಂಟೆಕ್ಸ್ ಟ್ಯಾಂಕೋ ತಿಳಿಯದೆ ಹೋಗುತ್ತದೆ. ಆದರೂ ತೆಗೆಯಕೂಡದು. ಕೈಯೆತ್ತಿ ಆಟದ ತೀರ್ಪುಗಾರನಾದ ಮಾರ್ಷಲನನ್ನು ಕರೆದು ಹೊರಗೆ ಹೋಗಿ ಒರೆಸಿಕೊಳ್ಳತಕ್ಕದ್ದು. ಇದು ನಿತ್ಯವಿಧಿ, ವಿಕಲ್ಪವಿಲ್ಲ.

ಇನ್ನು ಯುದ್ಧತಂತ್ರ. ಇದಕ್ಕೆ ಹೊರದೇಶದ ಕೈಪಿಡಿಗಳು ಬೇಕಿಲ್ಲ, ನಮ್ಮ ಲೌಕಿಕ ನ್ಯಾಯಗಳೇ ಸಾಕು.

ಮೊದಲನೆಯದು ಕೂರ್ಮಾಂಗ ನ್ಯಾಯ. ಆಮೆ ಅಂಗಗಳನ್ನು ಒಳಗೆಳೆದುಕೊಳ್ಳುವ ಹಾಗೆ ಮೊಣಕೈ, ಮಂಡಿ, ಹಿಮ್ಮಡಿ ಎಲ್ಲವನ್ನೂ ಬಂಕರಿನ ಮರೆಗೆ ಸೇರಿಸಿಕೊಳ್ಳಬೇಕು. ಹೊಸಬ ಇಷ್ಟನ್ನೂ ಮಾಡುತ್ತಾನೆ, ಬಂದೂಕಿನ ನೆತ್ತಿಯ ಮೇಲಿರುವ ಗುಂಡಿನ ಡಬ್ಬಿಯನ್ನು ಮರೆಯುತ್ತಾನೆ. ಹಾಪರ್ ಎಂಬ ಆ ಡಬ್ಬಿ ಬಂಕರಾಗಿ ನಿಲ್ಲಿಸಿದ ಡ್ರಮ್ಮಿನ ಮೇಲಂಚಿನಲ್ಲಿ ಗೋಪುರದ ಕಲಶದಂತೆ ಇಣುಕುತ್ತದೆ, ಸಾಲದೆಂದು ಒಳಗಿನ ಗುಂಡುಗಳು ಗಲಗಲ ಎನ್ನುತ್ತವೆ. ಬಂದೂಕಿಗೆ ಬಿದ್ದ ಏಟೂ ಏಟೇ ಎಂಬುದು ಬಹುಪಾಲು ಮೈದಾನಗಳ ಮತ.

ಬಂಕರಿಗೆ ಅಂಟಿಕೊಂಡು ಕೂರುವುದೂ ದೋಷವೇ. ಒಂದೆರಡು ಹೆಜ್ಜೆ ಹಿಂದೆ ಸರಿದು ನಿಂತರೆ ಪಕ್ಕದ ನೋಟ ಹೆಚ್ಚು ಸಿಗುತ್ತದೆ, ಬಂದೂಕು ಆಡಿಸಲು ಜಾಗವೂ ಸಿಗುತ್ತದೆ. ತಲೆಯ ಮೇಲಿಂದ ಇಣುಕಬಾರದು, ಪಕ್ಕದಿಂದ ಇಣುಕಬೇಕು. ಒಮ್ಮೆ ಇಣುಕಿದ ಕಡೆ ಇನ್ನೊಮ್ಮೆ ಇಣುಕಬಾರದು. ಅಲ್ಲಿ ಈಗಾಗಲೇ ಒಬ್ಬನ ಗುರಿ ಕಾದಿರುತ್ತದೆ. ಎಡಗಡೆಯಿಂದ ಇಣುಕುವಾಗ ಬಂದೂಕು ಎಡಗೈಗೆ, ಎಡ ಹೆಗಲಿಗೆ ಬರಬೇಕು. ಬಲಗೈಯಲ್ಲೇ ಹಿಡಿದವನು ಅರ್ಧ ಎದೆಯನ್ನು ಹೊರಗೆ ದಾನಕ್ಕಿಟ್ಟಂತೆ. ಅರ್ಜುನನಿಗೆ ಸವ್ಯಸಾಚಿ ಎಂಬ ಬಿರುದು ಪುಕ್ಕಟೆ ಬಂದದ್ದಲ್ಲ.

ಮಂಡೂಕಪ್ಲುತಿ ನ್ಯಾಯವೆಂದರೆ ಮರೆಯಿಂದ ಮರೆಗೆ ಕಪ್ಪೆಯಂತೆ ನೆಗೆಯುವುದು. ಇಲ್ಲಿ ಗುಟ್ಟಿರುವುದು ನೆಗೆತದಲ್ಲಲ್ಲ, ಹೊತ್ತಿನಲ್ಲಿ. ಸಂಗಡಿಗ ಎದುರಾಳಿಯ ಬಂಕರಿನ ಮೇಲೆ ಬಿಡದೆ ಹೊಡೆಯುತ್ತ ಅವನ ತಲೆ ಏಳದಂತೆ ನೋಡಿಕೊಳ್ಳುವಾಗ ನೀವು ಓಡಬೇಕು, ಅದೂ ಮುಂದಕ್ಕಲ್ಲ, ಪಕ್ಕಕ್ಕೆ. ಬಂಕರ್ ಕಾಯುವುದು ಮುಂಭಾಗವನ್ನು ಮಾತ್ರ. ಪಕ್ಕದಿಂದ ನೋಡಿದರೆ ಎಂಥ ವೀರನೂ ಬಯಲಲ್ಲಿ ಕುಕ್ಕರಗಾಲಲ್ಲಿ ಕೂತವನೇ. ಎದುರಿನ ಒಬ್ಬನನ್ನೇ ದಿಟ್ಟಿಸುತ್ತ ಕೂತವರನ್ನು ಕೊಲ್ಲುವುದು ಸಾಮಾನ್ಯವಾಗಿ ಮೂರನೆಯವರು, ಬಸ್ಸಿನಲ್ಲಿ ಬರುವಾಗಲೂ ಬಾಯಿಬಿಡದ ಟೆಸ್ಟಿಂಗ್ ವಿಭಾಗದ ಹುಡುಗಿ. ಎಲ್ಲಿ ದೋಷವಿದೆ ಎಂದು ಸುತ್ತುಬಳಸಿ ಹುಡುಕುವುದೇ ಆಕೆಯ ನೌಕರಿ. ಸಿಂಹಾವಲೋಕನ ನ್ಯಾಯ, ಅಂದರೆ ಆಗಾಗ ಹಿಂದಿರುಗಿ ನೋಡುವುದು, ಆಕೆಗಾಗಿಯೇ ಹುಟ್ಟಿದೆ.

ಬಕಬಂಧನ ನ್ಯಾಯವನ್ನು ಸ್ವಲ್ಪ ಬಿಡಿಸಬೇಕು. ಕೊಕ್ಕರೆ ಹಿಡಿಯುವುದು ಹೇಗೆ? ಅದರ ತಲೆಯ ಮೇಲೆ ಬೆಣ್ಣೆ ಇಡುವುದು, ಬಿಸಿಲಿಗೆ ಬೆಣ್ಣೆ ಕರಗಿ ಕಣ್ಣಿಗಿಳಿದಾಗ ಹೋಗಿ ಹಿಡಿಯುವುದು. ಬೆಣ್ಣೆ ಇಡುವಷ್ಟು ಹತ್ತಿರ ಹೋದವನು ಆಗಲೇ ಹಿಡಿಯಬಾರದೇಕೆ ಎಂದು ಕೇಳಬಾರದು. ಮ್ಯಾನೇಜರ್ ಮಣ್ಣಿನ ಮೇಲೆ ಕಡ್ಡಿಯಿಂದ ಗೀರುವ ಯೋಜನೆಗಳೆಲ್ಲ ಈ ಜಾತಿಯವು. ‘ಎ ತಂಡ ಎಡದಿಂದ ಸೆಳೆಯುತ್ತದೆ, ಬಿ ತಂಡ ಸಿಗ್ನಲ್‌ಗೆ ಕಾಯುತ್ತದೆ.’ ಸೀಟಿ ಊದಿದ ಹತ್ತನೇ ಸೆಕೆಂಡಿಗೆ ಎ ತಂಡ ಯಾವುದು ಎಂಬುದೇ ಚರ್ಚೆಯಾಗಿರುತ್ತದೆ. ಯಾರು ಯಾವ ಬಂಕರಿಗೆ ಮೊದಲು ಓಡುವುದು ಎಂಬಷ್ಟನ್ನು ಮಾತಾಡಿಕೊಂಡು ನಿಂತರೆ ಸಾಕು.

ಮೌನದ ಬಗ್ಗೆ ಎರಡು ಮತಗಳಿವೆ. ಒಬ್ಬನೇ ಇದ್ದಾಗ ಮೌನ ಲೇಸು. ತಂಡದಲ್ಲಿದ್ದಾಗ ಕಿರುಚಬೇಕು, ಆದರೆ ‘ಅಲ್ಲಿ, ಅಲ್ಲಿ, ಅಲ್ನೋಡೋ ಗುರೂ!’ ಎಂದಲ್ಲ. ‘ಬಲಗಡೆ, ಟೈರಿನ ಹಿಂದೆ, ಇಬ್ಬರು’ ಎಂದು. ಎದುರಾಳಿಯ ಮಾತಿಗಂತೂ ಕಿವಿಗೊಡಲೇಬಾರದು. ರನ್ನನ ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಷ್ಟು ಭದ್ರವಾಗಿ ಅಡಗಿದ್ದ. ಭೀಮನ ಮೂದಲಿಕೆ ತಾಳದೆ ಎದ್ದುಬಂದ. ‘ಯಾಕ್ ಸರ್, ಭಯಾನಾ?’ ಎಂಬ ದನಿ ಕೇಳಿದೊಡನೆ ಡ್ರಮ್ಮಿನ ಹಿಂದಿನಿಂದ ಎದೆಸೆಟೆಸಿ ಏಳುವ ಟೀಮ್ ಲೀಡುಗಳು ಅದೇ ವಂಶದವರು. ತೊಡೆಗೆ ಬೀಳುವ ಏಟೂ ಅದೇ.

ಈಗ ಈ ಶಾಸ್ತ್ರದ ಅತಿ ಗಹನವಾದ ಪ್ರಶ್ನೆ: ನಾನು ಸತ್ತೆನೆಂದು ತಿಳಿಯುವುದು ಹೇಗೆ?

ನೋವೇ ಪ್ರಮಾಣವೆಂದು ಒಂದು ಪಕ್ಷ. ತಪ್ಪು. ಗುಂಡು ಬಡಿದು, ಒಡೆಯದೆ ಪುಟಿದು ಹೋದರೆ ನೋವು ಪೂರ್ತಿ ಇದೆ, ಮರಣ ಮಾತ್ರ ಇಲ್ಲ; ಒಡೆದು ಗುರುತು ಮೂಡಿದರಷ್ಟೇ ಸಾವು. ಹಾಗಾದರೆ ಬಣ್ಣವೇ ಪ್ರಮಾಣವೆಂದು ಎರಡನೇ ಪಕ್ಷ. ಅದೂ ಅತಿವ್ಯಾಪ್ತಿ. ಬಂಕರಿಗೆ ಬಡಿದು ಸಿಡಿದ ಹನಿಗಳೂ ಮೈಮೇಲೆ ಬೀಳುತ್ತವೆ, ಅವು ಲೆಕ್ಕಕ್ಕಿಲ್ಲ. ಬೆನ್ನಿಗೆ ಬಿದ್ದದ್ದೋ, ಪ್ರತ್ಯಕ್ಷಕ್ಕೆ ನಿಲುಕದು. ಆದ್ದರಿಂದ ಮಾರ್ಷಲನ ಆಪ್ತವಾಕ್ಯವೇ ಪ್ರಮಾಣವೆಂದು ಸಿದ್ಧಾಂತ. ‘ಅಣ್ಣಾ, ಸ್ವಲ್ಪ ನೋಡಿ’ ಎಂದು ಕೂಗಿದರೆ ಅವನು ಬಂದು ಬೆನ್ನು ನೋಡಿ ಬದುಕನ್ನೋ ಸಾವನ್ನೋ ಘೋಷಿಸುತ್ತಾನೆ. ಆ ಕ್ಷಣದಲ್ಲಿ ಕಂಪನಿಯ ಸಿ.ಇ.ಒ.ಗೂ ಮೇಲಿನವನು ಹಳದಿ ಜಾಕೆಟ್ ತೊಟ್ಟ ಆ ಹುಡುಗನೇ.

ಅಂಗೈಯಿಂದ ಗುರುತನ್ನು ಮೆಲ್ಲಗೆ ಒರೆಸಿಕೊಂಡು ಆಟ ಮುಂದುವರಿಸುವುದು ಮಹಾಪಾತಕ. ಪ್ರಾಯಶ್ಚಿತ್ತವನ್ನು ಬೇರೆಯಾಗಿ ವಿಧಿಸಬೇಕಿಲ್ಲ, ಮುಂದಿನ ಸುತ್ತಿನಲ್ಲಿ ಎರಡೂ ತಂಡದವರು ಸೇರಿ ನೆರವೇರಿಸುತ್ತಾರೆ. ಸತ್ತವನು ಕೈಯೆತ್ತಿ, ‘ಔಟ್’ ಎಂದು ಕೂಗಿ, ನಳಿಕೆಗೆ ಚೀಲ ತೊಡಿಸಿ ಹೊರನಡೆಯಬೇಕು. ಮಾತಾಡಕೂಡದು. ಆದರೆ ಸತ್ತವರಷ್ಟು ಮಾತಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಲಿಯಾಚೆ ಪೆಪ್ಸಿ ಹಿಡಿದು ನಿಂತ ಪ್ರೇತಗಳ ಸಲಹೆ ಕೇಳಿಯೇ ಅರ್ಧ ತಂಡ ಪರಲೋಕ ಸೇರುತ್ತದೆ.

ಕೊನೆಯ ಪೂರ್ವಪಕ್ಷ: ಒಂದೂ ಹಾರಿಸದೆ ಗೆಲ್ಲುವುದೇ ಮಹಾವಾಕ್ಯವಾದರೆ, ಪ್ಯಾಕೇಜಿನ ಮೇಲೆ ಹೆಚ್ಚುವರಿ ಹಣ ಕೊಟ್ಟು ಕೊಂಡ ಗುಂಡುಗಳ ಗತಿ? ಹಣ ವಾಪಸ್ ಬರುವುದಿಲ್ಲ. ಮನೆಗೆ ಒಯ್ದಿಟ್ಟುಕೊಳ್ಳೋಣವೆಂದರೆ ಜೆಲಟಿನ್ ತೇವ ಹೀರಿ ಉಬ್ಬುತ್ತದೆ, ಮಳೆಗಾಲದಲ್ಲಂತೂ ನಳಿಕೆಯಲ್ಲೇ ಒಡೆದುಹೋಗುತ್ತದೆ. ಆದಕಾರಣ ಕಡೆಯ ಸುತ್ತಿನಲ್ಲಿ ವಿಶ್ವಜಿತ್ ಯಾಗ ವಿಹಿತವಾಗಿದೆ: ಇದ್ದುದೆಲ್ಲವನ್ನೂ ದಾನ ಮಾಡಿಬಿಡುವುದು. ದಾನ ಸ್ವೀಕರಿಸುವ ಸತ್ಪಾತ್ರ ಯಾರೆಂಬಲ್ಲಿ ಪ್ರಾಚೀನರಿಗೂ ನವೀನರಿಗೂ ಭಿನ್ನಾಭಿಪ್ರಾಯವಿಲ್ಲ. ಆತ ಅಪ್ರೈಸಲ್‌ನಲ್ಲಿ ಎಲ್ಲರಿಗೂ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್’ ಎಂದು ಬರೆದಿರುತ್ತಾನೆ, ಮತ್ತು ಬೇಡವೆಂದರೂ ಕೇಳದೆ ಬಿಳಿ ಟೀ ಶರ್ಟ್ ಹಾಕಿಕೊಂಡು ಬಂದಿರುತ್ತಾನೆ.