ಎರಡು ಸಭೆಗಳನ್ನು ಒಂದಾಗಿಸುವ ಕ್ರಮ: ಬಳಕೆದಾರರ ಕೈಪಿಡಿ

ಜೋಡಣೆಗೆ ಮುನ್ನ

ಈ ಕೈಪಿಡಿಯನ್ನು ಪೂರ್ತಿ ಓದಿ, ಆಮೇಲೆ ಕಮಿಟಿ ಕರೆಯಿರಿ. ಮೊದಲು ಕಮಿಟಿ ಕರೆದು ಆಮೇಲೆ ಓದಿದವರಿಗೆ ತಯಾರಕರು ಜವಾಬ್ದಾರರಲ್ಲ.

ಬೇಕಾಗುವ ಸಾಮಗ್ರಿ: ಸಭೆಗಳು ಎರಡು. ಒಂದೇ ರಸ್ತೆಯ ಎರಡು ತುದಿಯಲ್ಲಿದ್ದು, ಒಬ್ಬರ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಇನ್ನೊಬ್ಬರು ಕಾಲಿಡದೆ ಬಹಳ ವರ್ಷ ಕಳೆದಿದ್ದರೆ ಇನ್ನೂ ಒಳ್ಳೆಯದು. ಅಯ್ಯನವರು ಇಬ್ಬರು, ಸೆಕ್ರೆಟರಿ ಇಬ್ಬರು, ಟ್ರೆಜರರ್ ಇಬ್ಬರು, ಪಾಸ್‌ಬುಕ್ ಲೆಕ್ಕವಿಲ್ಲದಷ್ಟು. ಕ್ವಾಯರ್ ಎರಡು, ಅದರಲ್ಲಿ ಒಂದರ ಬಳಿಯಾದರೂ ಯಾರೋ ದಾನ ಕೊಟ್ಟ ಹಳೆಯ ಆರ್ಗನ್ ಇರತಕ್ಕದ್ದು. ಎಲ್ಲರೂ ಒಂದಾಗಿರಲಿ ಎಂಬ ಪ್ರಾರ್ಥನೆಯಿರುವ ಯೋಹಾನನ ಸುವಾರ್ತೆಯ 17ನೇ ಅಧ್ಯಾಯ, ಒಂದು ಪ್ರತಿ. ದೇವರು ಒಬ್ಬನೇ. ಆತ ತಮ್ಮ ಕಡೆಯ ಸಾಮಾನಿನ ಜೊತೆಯಲ್ಲೇ ಬಂದನೆಂದು ಎರಡೂ ಕಡೆಯವರು ಹೇಳುತ್ತಾರೆ. ಈ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ.

ಜೋಡಣೆಗೆ ತಗಲುವ ಸಮಯ: ಉದ್ಘಾಟನಾ ಭಾಷಣದಲ್ಲಿ ಹೇಳಬೇಕಾದದ್ದು ಆರು ತಿಂಗಳು. ನಮ್ಮ ನಾಡಿನ ಅಧಿಕೃತ ದಾಖಲೆ 28 ವರ್ಷ.

ಮಾದರಿಯನ್ನು ಆರಿಸಿಕೊಳ್ಳುವುದು

ಮಾರುಕಟ್ಟೆಯಲ್ಲಿ ಈಗ ಎರಡು ಮಾದರಿಗಳಿವೆ. ಮೊದಲನೆಯದು ಅಮೆರಿಕದ್ದು. ಹಲವು ಆವರಣ, ಒಂದೇ ಸಭೆ, ಒಂದೇ ಹೆಸರು, ಒಂದೇ ಬಜೆಟ್. ಓಕ್ಲಹೋಮಾದಲ್ಲಿ 1996ರಲ್ಲಿ ಶುರುವಾದ ಲೈಫ್ ಚರ್ಚ್ 2001ರಲ್ಲಿ ಎಡ್ಮಂಡ್ ಊರಿನ ಮೆಟ್ರೋಚರ್ಚ್ ಜೊತೆ ಸೇರಿ ಎರಡು ಜಾಗದ ಒಂದೇ ಸಭೆಯಾಯಿತು. ಪ್ರಸಂಗ ಒಂದು ಕಡೆ ನಡೆಯುತ್ತದೆ, ಉಳಿದ ಕಡೆ ಪರದೆಯ ಮೇಲೆ ಬರುತ್ತದೆ. ಅಮೆರಿಕದವರು ಇದಕ್ಕೆ ನಿಜವಾಗಿಯೂ ಒಂದು ಕೈಪಿಡಿ ಬರೆದಿದ್ದಾರೆ: ಜಿಮ್ ಟಾಂಬರ್ಲಿನ್ ಮತ್ತು ವಾರೆನ್ ಬರ್ಡ್ 2012ರಲ್ಲಿ ಹೊರತಂದ ‘ಬೆಟರ್ ಟುಗೆದರ್’. ಅದರಲ್ಲಿ ಸಭೆಗಳ ಸೇರ್ಪಡೆಯನ್ನು ಪುನರ್ಜನ್ಮ, ದತ್ತು, ಮದುವೆ, ಐಸಿಯು ಎಂದು ನಾಲ್ಕು ಬಗೆ ಮಾಡಿದ್ದಾರೆ. ಮುನ್ನಡೆಸುವ ಸಭೆ ಯಾವುದು, ಸೇರಿಕೊಳ್ಳುವ ಸಭೆ ಯಾವುದು ಎಂದು ಮೊದಲ ದಿನವೇ ಬಾಯಿ ಬಿಟ್ಟು ಹೇಳಬೇಕಂತೆ. ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆ. ನಮ್ಮಲ್ಲಿ ಮಾತ್ರ ಇದನ್ನು ಪ್ರಯೋಗಿಸಬೇಡಿ. ‘ಐಸಿಯು ಸೇರ್ಪಡೆ’ ಎಂದು ನಡಾವಳಿ ಪುಸ್ತಕದಲ್ಲಿ ಬರೆದ ಸೆಕ್ರೆಟರಿ ಮುಂದಿನ ಚುನಾವಣೆಯಲ್ಲಿ ನಿಲ್ಲುವಂತಿಲ್ಲ.

ಈ ಮಾದರಿ ಬೇಗ ಜೋಡಣೆಯಾಗುತ್ತದೆ, ಅಷ್ಟೇ ಬೇಗ ಬಿಚ್ಚಿಕೊಳ್ಳುತ್ತದೆ. ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚಿಗೆ ಹಲವು ರಾಜ್ಯಗಳಲ್ಲಿ ಆವರಣಗಳಿದ್ದವು. ಪರದೆಯ ಮೇಲೆ ಕಾಣುತ್ತಿದ್ದ ಮುಖ ಮಾರ್ಕ್ ಡ್ರಿಸ್ಕಲ್ ಅವರದು. 2014ರ ಅಕ್ಟೋಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಹೊಸ ವರ್ಷ ಬರುವ ಹೊತ್ತಿಗೆ ಸಭೆಯೇ ಇರಲಿಲ್ಲ. ಕೆಲವು ಆವರಣಗಳು ಸ್ವತಂತ್ರ ಸಭೆಗಳಾದವು, ಕೆಲವು ಬಾಗಿಲು ಹಾಕಿದವು.

ಅಂದಹಾಗೆ, ಹಲವು ಆವರಣದ ಸಭೆ ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಗಾಡಿನಲ್ಲಿ ಒಂದು ಪಾಸ್ಟರೇಟ್ ಎಂದರೆ ಹಲವು ಊರಿನ ಗುಡಿಗಳು, ಎಲ್ಲಕ್ಕೂ ಒಬ್ಬರೇ ಅಯ್ಯನವರು. ಬೆಳಿಗ್ಗೆ ಎಂಟಕ್ಕೆ ಒಂದು ಊರು, ಹತ್ತೂವರೆಗೆ ಇನ್ನೊಂದು, ಊಟ ಯಾರ ಮನೆಯಲ್ಲಿ ಸಿಕ್ಕಿದರೆ ಅಲ್ಲಿ. ಪರದೆಯ ಬದಲು ಅವರಿಗಿದ್ದದ್ದು ಸೈಕಲ್ಲು.

ಎರಡನೆಯ ಮಾದರಿ ದಕ್ಷಿಣ ಭಾರತದ್ದು. ಇದು ನಿಧಾನ, ಭಾರ, ಬಿಡಿಭಾಗ ಹೆಚ್ಚು. ಈ ಕೈಪಿಡಿ ಮುಖ್ಯವಾಗಿ ಇದಕ್ಕೆ ಸಂಬಂಧಿಸಿದ್ದು.

ಹಂತ 1: ನೀವು ಬೇರೆ ಬೇರೆ ಯಾಕಿದ್ದೀರಿ ಎಂದು ನೆನಪಿಸಿಕೊಳ್ಳಿ

ನೆನಪಾಗದಿದ್ದರೆ ಗಾಬರಿ ಬೇಡ. ನಮ್ಮವರಿಗೂ ನೆನಪಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಿಷನ್‌ಗಳು ಒಬ್ಬರ ಸೀಮೆಗೆ ಇನ್ನೊಬ್ಬರು ನುಗ್ಗಬಾರದೆಂದು ನಾಡನ್ನು ಹಂಚಿಕೊಂಡಿದ್ದವು. ಹೀಗಾಗಿ ತುಮಕೂರಿನಲ್ಲಿ ಹುಟ್ಟಿದ ಕ್ರೈಸ್ತ ವೆಸ್ಲಿಯನ್ ಮೆಥಡಿಸ್ಟ್, ಮಂಗಳೂರಿನಲ್ಲಿ ಹುಟ್ಟಿದವ ಬಾಸೆಲ್ ಮಿಷನ್ನಿನವ, ಬಳ್ಳಾರಿಯಲ್ಲಿ ಹುಟ್ಟಿದವ ಲಂಡನ್ ಮಿಷನ್ನಿನವ. ಬೆಂಗಳೂರು ದಂಡಿನ ಸೇಂಟ್ ಮಾರ್ಕ್ಸ್‌ಗೆ ಹೋಗುತ್ತಿದ್ದವರು ಆಂಗ್ಲಿಕನ್. ಯಾರೂ ದೇವತಾಶಾಸ್ತ್ರ ಓದಿ ಪಂಗಡ ಆರಿಸಿಕೊಂಡವರಲ್ಲ. ಮಗಳನ್ನು ಬೇರೆ ಜಿಲ್ಲೆಗೆ ಕೊಟ್ಟರೆ ಅವಳ ಪಂಗಡ ಬದಲಾಗುತ್ತಿತ್ತು. ಇಂಗ್ಲೆಂಡಿನ ಹಳೆಯ ಜಗಳ, ಜರ್ಮನಿಯ ಹಳೆಯ ಜಗಳ, ಎರಡೂ ಇಲ್ಲಿಯವರ ಪಾಲಿಗೆ ರೈಲ್ವೆ ಟೈಮ್‌ಟೇಬಲ್ಲಿನಷ್ಟೇ ದೂರದ ವಿಷಯ. ಆದರೂ ಒಮ್ಮೆ ಆನುವಂಶಿಕವಾಗಿ ಬಂದ ಜಗಳವನ್ನು ಬಿಟ್ಟುಕೊಡುವುದು ಪಿತ್ರಾರ್ಜಿತ ಜಮೀನು ಬಿಟ್ಟುಕೊಟ್ಟ ಹಾಗೆ, ಕೈ ನಡುಗುತ್ತದೆ.

1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು, ಇಬ್ಬರ ಹೊರತು ಎಲ್ಲರೂ ಭಾರತೀಯರು. ಮುಂದೆ ನಿಂತವರು ಡೋರ್ನಕಲ್‌ನ ಬಿಷಪ್ ವಿ. ಎಸ್. ಅಜರಯ್ಯ ಮತ್ತು ವಿ. ಸಾಂತಿಯಾಗೊ. ಈ ಒಡಕುಗಳು ನಾವು ಮಾಡಿದವಲ್ಲ, ನಮ್ಮ ಮೇಲೆ ಹೇರಿದವು ಎಂದು ಅವರು ಹೇಳಿಕೆ ಹೊರಡಿಸಿದರು. ಎಲ್ಲರೂ ಒಪ್ಪಿದರು. ಎಲ್ಲರೂ ಒಪ್ಪಿದ ಮೇಲೆ ಇನ್ನೂ 28 ವರ್ಷ ಮಾತುಕತೆ ನಡೆಯಿತು.

ಹಂತ 2: ಬಿಷಪ್ ಎಂಬ ಬಿಡಿಭಾಗ

ಎಚ್ಚರಿಕೆ: ಈ ಭಾಗದಲ್ಲಿ ಶಾಕ್ ಹೊಡೆಯುತ್ತದೆ.

ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದೆ ಸಭೆಯಿಲ್ಲ. ಬಿಷಪ್ ಕೈಯಿಟ್ಟು ಅಭಿಷೇಕಿಸದವರು ಕರ್ತನ ಭೋಜನ ಕೊಡುವಂತಿಲ್ಲ. ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಬಿಷಪ್ ಇಲ್ಲದೆಯೇ ಚೆನ್ನಾಗಿದ್ದರು. ಈಗ ಅವರ ಅಯ್ಯನವರಿಗೆಲ್ಲ ಮತ್ತೊಮ್ಮೆ ಅಭಿಷೇಕ ಮಾಡಬೇಕೇ? ಮಾಡಿದರೆ, ಇಷ್ಟು ವರ್ಷ ಅವರು ಕೊಟ್ಟ ಸಂಸ್ಕಾರ ಸುಳ್ಳೆಂದು ಒಪ್ಪಿಕೊಂಡ ಹಾಗೆ. ಬಿಟ್ಟರೆ ಲಂಡನ್ ಕೆರಳುತ್ತದೆ. ಕೆರಳಿತು ಕೂಡ. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದು, ವಿನಾಶದ ಮೂಲಕ ಪುನರ್ಮಿಲನ ಎಂಬರ್ಥದ ಹೆಸರಿಟ್ಟರು. ಮಳವಳ್ಳಿಯ ಅಯ್ಯನವರು ಕೊಡುವ ರೊಟ್ಟಿಯ ಬಗ್ಗೆ ಇಂಗ್ಲಿಷಿನ ಮಹಾಕವಿಯೊಬ್ಬರು ತಲೆ ಕೆಡಿಸಿಕೊಂಡಿದ್ದರೆಂದರೆ ಆ ಅಯ್ಯನವರಿಗೆ ಎಷ್ಟು ಹೆಮ್ಮೆಯಾಗಬೇಕಿತ್ತು, ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಪರಿಹಾರಕ್ಕೆ ಬಳಸಿದ ಸಾಧನ ಈ ಕೈಪಿಡಿಯ ಅತ್ಯಂತ ಮುಖ್ಯ ಸಾಧನ. ಅದರ ಹೆಸರು ಮುಂದೂಡಿಕೆ. ಯಾರಿಗೂ ಮರು ಅಭಿಷೇಕ ಬೇಡ, ಇನ್ನು ಮುಂದಿನವರಿಗೆಲ್ಲ ಬಿಷಪ್ ಕೈಯಿಡಲಿ, 30 ವರ್ಷ ಎರಡೂ ಬಗೆಯವರು ಒಟ್ಟಿಗಿರಲಿ, ಆಮೇಲೆ ನೋಡಿಕೊಳ್ಳೋಣ ಎಂದರು. ಜೊತೆಗೆ ಒಂದು ಪ್ರತಿಜ್ಞೆ: ಯಾವ ಸಭೆಯ ಹಳೆಯ ಸಂಪ್ರದಾಯವನ್ನೂ ಆಡಳಿತದ ಆಜ್ಞೆಯಿಂದ ಮುರಿಯುವುದಿಲ್ಲ, ಅದಕ್ಕೆ ಒಪ್ಪದ ಅಯ್ಯನವರನ್ನು ಅದರ ತಲೆಗೆ ಕಟ್ಟುವುದಿಲ್ಲ. ಪಂಡಿತರು ಇದನ್ನು ಅಸ್ಪಷ್ಟ ಎಂದರು. ನನ್ನ ಲೆಕ್ಕದಲ್ಲಿ ಇಡೀ ಜೋಡಣೆ ನಿಂತಿರುವುದೇ ಈ ಅಸ್ಪಷ್ಟತೆಯ ಮೇಲೆ. ಒಪ್ಪಿಗೆಯಾಗುವವರೆಗೆ ಕಾದು ಆಮೇಲೆ ಒಂದಾಗುತ್ತೇವೆ ಎಂದವರು ಇನ್ನೂ ಕಾಯುತ್ತಿದ್ದಾರೆ. ಒಂದಾಗಿ ಆಮೇಲೆ ಜಗಳವಾಡೋಣ ಎಂದವರಿಗೆ ಜಗಳವಾಡಲು ಒಂದೇ ಚಾವಣಿಯಾದರೂ ಸಿಕ್ಕಿತು. 30 ವರ್ಷ ಮುಗಿಯುವಷ್ಟರಲ್ಲಿ ಬಹುಪಾಲು ಹಳಬರು ನಿವೃತ್ತರಾಗಿದ್ದರು.

1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ತಿಂಗಳೂ ಆಗದಿದ್ದಾಗ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿತು. ಬಿಷಪ್ಪರು 14 ಮಂದಿ, ಅವರಲ್ಲಿ ಒಂಬತ್ತು ಮಂದಿಗೆ ಅಂದೇ ಅಭಿಷೇಕ. ಸುಮಾರು ಹತ್ತು ಲಕ್ಷ ಜನ ಬೆಳಿಗ್ಗೆ ಒಂದು ಸಭೆಯವರಾಗಿ ಎದ್ದು ಮಧ್ಯಾಹ್ನದ ಊಟಕ್ಕೆ ಇನ್ನೊಂದು ಸಭೆಯವರಾದರು. ಮೈಸೂರಿನ ಮೆಥಡಿಸ್ಟರಿಗೆ ಗುರುಶಾಂತ ಎಂಬ ಬಿಷಪ್ ಬಂದರು. ಅಜರಯ್ಯ ಇದನ್ನು ನೋಡಲಿಲ್ಲ. 1945ರ ಹೊಸವರ್ಷದ ದಿನ ತೀರಿಕೊಂಡಿದ್ದರು.

ಹಂತ 3: ಬಟ್ಟಲು, ಮೊಣಕಾಲು, ರಾಗ

ಬಿಷಪ್ ಪ್ರಶ್ನೆ ಬಗೆಹರಿದ ಮೇಲೆ ನಿಜವಾದ ಪ್ರಶ್ನೆಗಳಿಗೆ ಬನ್ನಿ. ದ್ರಾಕ್ಷಾರಸ ಒಂದೇ ಬಟ್ಟಲಿನಿಂದಲೋ, ಪುಟ್ಟ ಪುಟ್ಟ ಗಾಜಿನ ಲೋಟಗಳಲ್ಲೋ? ಮೊಣಕಾಲೂರಿಯೋ, ಕೂತಲ್ಲೇಯೋ? ಕೀರ್ತನೆ ಯಾವ ರಾಗದಲ್ಲಿ? ಇದರಲ್ಲಿ ಕೊನೆಯದಕ್ಕೆ ಪರಿಹಾರವಿಲ್ಲ. ಪದ ಒಂದೇ ಇರುತ್ತದೆ, ರಾಗ ಎರಡು. ಜಂಟಿ ಆರಾಧನೆಯಲ್ಲಿ ಎರಡೂ ಗುಂಪು ತಮ್ಮ ತಮ್ಮ ರಾಗದಲ್ಲೇ ಗಟ್ಟಿಯಾಗಿ ಹಾಡುತ್ತವೆ, ಮೊದಲು ಮುಗಿಸಿದವರು ಗೆದ್ದ ಹಾಗೆ.

ಒಂದು ಸೂಕ್ಷ್ಮ ಇಲ್ಲಿದೆ. ಎರಡರಲ್ಲಿ ಒಂದನ್ನು ಆರಿಸಲು ಹೋದರೆ ಕೆಡುತ್ತದೆ. ಎರಡೂ ಅಲ್ಲದ ಮೂರನೆಯದನ್ನು ತಂದರೆ ಇಬ್ಬರೂ ಸಮಾನವಾಗಿ ಗೊಣಗಿ ಸುಮ್ಮನಾಗುತ್ತಾರೆ. ದಕ್ಷಿಣ ಭಾರತ ಸಭೆ 1950ರಲ್ಲಿ ಬಳಕೆಗೆ ತಂದ ಕರ್ತನ ಭೋಜನದ ಹೊಸ ಕ್ರಮದಲ್ಲಿ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಬಂತು. ಇದು ಆಂಗ್ಲಿಕನ್ನರದ್ದಲ್ಲ, ಮೆಥಡಿಸ್ಟರದ್ದಲ್ಲ; ಕೇರಳದ ಸುರಿಯಾನಿ ಕ್ರೈಸ್ತರದು. ಸುರಿಯಾನಿ ಸಭೆಗಳು ಈ ಐಕ್ಯಕ್ಕೆ ಸೇರಿರಲೇ ಇಲ್ಲ! ಸೇರದವರಿಂದ ಎರವಲು ತಂದದ್ದೇ ಸೇರಿದವರೆಲ್ಲರಿಗೂ ಒಗ್ಗಿತು, ಆಮೇಲೆ ಹೊರದೇಶಗಳ ಸಭೆಗಳೂ ಆ ಕ್ರಮವನ್ನು ನೋಡಿ ಕಲಿತವು.

ಹಂತ 4: ಆಸ್ತಿ

ಪತ್ರಗಳನ್ನು ಮೊದಲೇ ನೋಡಿ. ಸ್ಕಾಟ್ಲೆಂಡಿನಲ್ಲಿ 1900ರಲ್ಲಿ ಫ್ರೀ ಚರ್ಚ್ ಮತ್ತು ಯುನೈಟೆಡ್ ಪ್ರೆಸ್ಬಿಟೇರಿಯನ್ ಚರ್ಚ್ ಒಂದಾದವು. ಫ್ರೀ ಚರ್ಚಿನ ಒಂದು ಸಣ್ಣ ಗುಂಪು ಬರುವುದಿಲ್ಲ ಎಂದಿತು. ಹೋಗಲಿ ಬಿಡಿ ಎಂದರು ದೊಡ್ಡವರು. ಸಣ್ಣ ಗುಂಪು ಕೋರ್ಟಿಗೆ ಹೋಯಿತು, 1904ರಲ್ಲಿ ಹೌಸ್ ಆಫ್ ಲಾರ್ಡ್ಸ್ ಫ್ರೀ ಚರ್ಚಿನ ಅಷ್ಟೂ ಆಸ್ತಿಯನ್ನು ಆ ಸಣ್ಣ ಗುಂಪಿಗೇ ಕೊಟ್ಟಿತು. ಮೂಲ ತತ್ವಕ್ಕೆ ಅಂಟಿಕೊಂಡವರು ಅವರೇ ಎಂಬುದು ಕಾರಣ. ಅಷ್ಟು ಗುಡಿಗಳನ್ನು ಗುಡಿಸಲೂ ಅವರಲ್ಲಿ ಜನ ಇರಲಿಲ್ಲ. ಕೊನೆಗೆ 1905ರಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿ ಹಂಚಬೇಕಾಯಿತು. ಆದ್ದರಿಂದ ಜಂಟಿ ಕಮಿಟಿಯಲ್ಲಿ ಇಬ್ಬರು ದೇವತಾಶಾಸ್ತ್ರಜ್ಞರಿಗೆ ಒಬ್ಬರಾದರೂ ವಕೀಲರಿರಲಿ, ಒಬ್ಬರೇ ಸಿಕ್ಕುವುದಾದರೆ ವಕೀಲರೇ ಇರಲಿ.

ಸಮಾಧಿ ಭೂಮಿಯನ್ನು ಒಂದು ಮಾಡಲು ಹೋಗಬೇಡಿ. ಸುಗ್ಗಿ ಹಬ್ಬದ ಹರಾಜನ್ನು ಮಾತ್ರ ತಕ್ಷಣ ಒಂದು ಮಾಡಿ. ಎರಡು ಸಭೆಗಳ ಹಿರಿಯರು ಒಂದೇ ಕುಂಬಳಕಾಯಿಗೆ ಪೈಪೋಟಿಗಿಳಿದಾಗ ಬರುವ ಕಾಣಿಕೆ ಯಾವ ಐಕ್ಯದ ಒಪ್ಪಂದದಿಂದಲೂ ಬರುವುದಿಲ್ಲ.

ಮಿಕ್ಕ ನಟ್ಟು ಬೋಲ್ಟುಗಳು

ಜೋಡಣೆ ಮುಗಿದ ಮೇಲೆ ಕೆಲವು ಭಾಗಗಳು ನೆಲದ ಮೇಲೆ ಉಳಿಯುತ್ತವೆ. ಅದು ದೋಷವಲ್ಲ. ಮಲಬಾರಿನ ಬಾಸೆಲ್ ಮಿಷನ್ ಸಭೆಗಳು 1947ರಲ್ಲೇ ಒಳಗಿದ್ದವು; ದಕ್ಷಿಣ ಕನ್ನಡ ಮತ್ತು ಆಗಿನ ಮುಂಬಯಿ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಹೊರಗೆ ನಿಂತವು. ಅವು ನಿಧಾನವಾಗಿ, 1960ರ ದಶಕ ಮುಗಿಯುವ ಹೊತ್ತಿಗೆ, ಬಹುಮಟ್ಟಿಗೆ ಬಂದು ಸೇರಿದವು. ಒಪ್ಪದವರು ಯುನೈಟೆಡ್ ಬಾಸೆಲ್ ಮಿಷನ್ ಚರ್ಚ್ ಎಂಬ ಹೆಸರಿನಲ್ಲಿ ಉಳಿದರು. ಒಂದಾಗಲು ಒಪ್ಪದವರ ಹೆಸರಿನಲ್ಲೇ ‘ಯುನೈಟೆಡ್’ ಇರುವುದನ್ನು ಯಾರೂ ಲೇವಡಿ ಮಾಡಬಾರದು.

ಉತ್ತರ ಭಾರತದಲ್ಲಿ ಇನ್ನೂ ಸೊಗಸು. ಅಲ್ಲಿಯ ಐಕ್ಯದ ಮಾತುಕತೆಯಲ್ಲಿ ಅಮೆರಿಕನ್ ಮೂಲದ ಮೆಥಡಿಸ್ಟರು ವರ್ಷಗಟ್ಟಲೆ ಕೂತಿದ್ದು, ನಾಗಪುರದಲ್ಲಿ 1970ರ ನವೆಂಬರ್ 29ಕ್ಕೆ ದಿನ ಗೊತ್ತಾಗಿದ್ದಾಗ, ಅದೇ ವರ್ಷದ ಆಗಸ್ಟ್‌ನಲ್ಲಿ ಬೇಡವೆಂದು ಮತ ಹಾಕಿದರು. ಅದಕ್ಕೇ ಅವರ ಸಭೆಗಳಿರುವ ಬೀದರ್, ಕೋಲಾರಗಳಲ್ಲಿ ಇಂದಿಗೂ ಮೆಥಡಿಸ್ಟ್ ಬೋರ್ಡು ಕಾಣುತ್ತದೆ, 1947ರಲ್ಲೇ ಸೇರಿದ ಮೈಸೂರು ತುಮಕೂರುಗಳ ಹಳೆಯ ವೆಸ್ಲಿಯನ್ ಮೆಥಡಿಸ್ಟ್ ಗುಡಿಗಳ ಮೇಲೆ ಸಿಎಸ್‌ಐ ಎಂದಿರುತ್ತದೆ.

ದೋಷ ಮತ್ತು ಪರಿಹಾರ

ಇಬ್ಬರು ಟ್ರೆಜರರ್ ಲೆಕ್ಕ ಕೊಡುತ್ತಿಲ್ಲ: ಒಬ್ಬರನ್ನು ಆಡಿಟರ್ ಮಾಡಿ, ಇನ್ನೊಬ್ಬರು ಆ ವಾರವೇ ಕೊಡುತ್ತಾರೆ.

ಹೊಸ ಹೆಸರು ಒಪ್ಪಿಗೆಯಾಗುತ್ತಿಲ್ಲ: ಯಾರಿಗೂ ಇಷ್ಟವಿಲ್ಲದ್ದನ್ನು ಇಡಿ.

ಒಂದು ಕಡೆಯವರು ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದಾರೆ: ಇದು ಐಕ್ಯಕ್ಕೆ ಸಂಬಂಧಿಸಿದ್ದಲ್ಲ. ಎಲ್ಲ ಸಭೆಗಳಲ್ಲೂ ಹಾಗೆಯೇ.

ವಾರಂಟಿ

ಇಲ್ಲ. ದಕ್ಷಿಣ ಭಾರತ ಸಭೆಯಲ್ಲೂ ಚುನಾವಣೆ ಗಲಾಟೆಗಳಿವೆ, ಆಸ್ತಿಯ ಕೇಸುಗಳಿವೆ, ಅಲ್ಲಲ್ಲಿ ಗುಂಪುಗಳು ಸಿಡಿದು ಹೊರಟದ್ದೂ ಉಂಟು. ಆದರೆ ಅಂದು ಮದರಾಸಿನಲ್ಲಿ ಸೇರಿದ ಸಭೆಗಳಲ್ಲಿ ಒಂದಾದರೂ ಇಡಿಯಾಗಿ ಎದ್ದುಹೋಗಿ ತನ್ನ ಹಳೆಯ ಬೋರ್ಡು ತೂಗುಹಾಕಿಕೊಂಡಿಲ್ಲ. ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುವ ಕಮಿಟಿ ನಿಮ್ಮ ಸಭೆಗೆ ಬಂದರೆ ಕಾಫಿ ಕೊಟ್ಟು ಕಳಿಸಿ. 28 ವರ್ಷ ಕೇಳುವವರು ಬಂದರೆ ಕುರ್ಚಿ ಹಾಕಿ.